ಸೋಮವಾರದ ಒಲೆ

ಕಾಕು ಬಗ್ಗಿದಾಗಲೆಲ್ಲ ಆಕೆಯ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಮುಂದಕ್ಕೆ ಜೋತುಬಿದ್ದು ಒಲೆಯ ಅಂಚಿಗೆ ಬಡಿದು ಟಣ್ ಎನ್ನುತ್ತಿತ್ತು. ಲಿಂಗವಿರುವ ಕರಡಿಗೆಗೆ ಹಾಗೆ ಪೆಟ್ಟು ಬೀಳಬಾರದೆಂದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಎಡಗೈಯಿಂದ ಅದನ್ನು ಎದೆಗೆ ಒತ್ತಿಕೊಂಡೇ ಬಗ್ಗಬೇಕೆಂದು ದಿನಾಲು ನಿಶ್ಚಯ ಮಾಡುತ್ತಿದ್ದಳು. ಆದರೆ ಆ ಎಡಗೈಯಲ್ಲಿ ಸದಾ ಏನಾದರೊಂದು ಇರುತ್ತಿತ್ತು, ಕೆಂಡದ ಚಿಪ್ಪೋ, ಸೆಗಣಿಯ ಮುದ್ದೆಯೋ, ಯಾರದೋ ಮನೆಯ ಕೂಸೋ. ಹೀಗಾಗಿ ಕರಡಿಗೆಯ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಅದರಲ್ಲಿ ಅರ್ಧ ಪಾಲು ನನ್ನ ಮನೆಯ ಒಲೆಯಿಂದಲೇ ಆದದ್ದು. ಆ ಒಲೆಯಿಂದ ನನಗೆ ಬಿದ್ದ ಪೆಟ್ಟುಗಳ ಮಾತು ಬೇರೆ. ಇಷ್ಟು ವರ್ಷಗಳಾದರೂ ಅವುಗಳಲ್ಲಿ ಒಂದೆರಡು ನೆನಪಾದರೆ ಕೂತಲ್ಲೇ ದಂಗಾಗುತ್ತೇನೆ.

ಕಾಕು ನನಗೆ ಬಳಗದವಳಲ್ಲ. ಸಂಶಿಯಲ್ಲಿ ನಮ್ಮ ಬಾಜೂ ಮನೆಯವಳು. ಎರಡೂ ಮನೆಗಳಿಗೆ ನಡುವೆ ಒಂದೇ ಮಣ್ಣಿನ ಗೋಡೆ, ಆ ಗೋಡೆಯಲ್ಲಿ ಕೈ ತೂರುವಷ್ಟು ಒಂದು ಕಿಂಡಿ. ನಮ್ಮ ತಂದೆ ಅಲ್ಲಿಯ ಶಾಲೆಯ ಮಾಸ್ತರರು. ನಾನು ಲಂಗ ಉಡುವ ವಯಸ್ಸಿನಲ್ಲಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ಬೆಳಗಿನ ಕೆಂಡ, ಮಧ್ಯಾಹ್ನದ ರೊಟ್ಟಿ, ಜ್ವರ ಬಂದಾಗ ಕಷಾಯ, ಕೂದಲು ಹಿಕ್ಕಿಕೊಳ್ಳದೆ ಶಾಲೆಗೆ ಹೊರಟರೆ ಬೈಗುಳ, ಎಲ್ಲವೂ ಆ ಕಿಂಡಿಯಿಂದಲೇ ಬಂದವು. ಮುಂದೆ ತಂದೆಯೂ ಹೋದರು. ಗದುಗಿನಲ್ಲಿದ್ದ ಅಣ್ಣನಿಗೆ ಎರಡು ಅಂಕಣದ ಮಣ್ಣಿನ ಮನೆ ಬೇಕಿರಲಿಲ್ಲ. ಅದು ನನ್ನ ಪಾಲಿಗೆ ಬಂತು. ನಾನು ಆಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ.

ಕಾಕುವಿನ ಬಾಯಲ್ಲಿ ಯಾವ ಮಾತು ಹೊರಟರೂ ಮೊದಲು ಬರುತ್ತಿದ್ದದ್ದು “ಖರೇ ಹೇಳ್ತೀನಿ” ಎಂಬ ಮಾತು. ಬದನೆಕಾಯಿ ಹುಳುಕಾಗಿದ್ದನ್ನು ಹೇಳುವುದಕ್ಕೂ ಅದೇ ಪೀಠಿಕೆ, ಯಾರೋ ಸತ್ತದ್ದಕ್ಕೂ ಅದೇ. ನಮಗೆಲ್ಲ ನಗೆ. ಆದರೆ ಆಕೆಯ ಮಗನಿಗೆ ಮಾತ್ರ ಅದು ಸಂಕಟದ ವಿಷಯವಾಗಿತ್ತು. ಸಂತೆಯಲ್ಲಿ ಮೆಣಸಿನಕಾಯಿ ಚೀಲದ ಮುಂದೆ ಕೂತು ಗಿರಾಕಿಗೆ, “ಖರೇ ಹೇಳ್ತೀನ್ರಿ, ಮ್ಯಾಲಿನವು ಅಗದಿ ಚಲೋ ಅದಾವು. ಬುಡಕಿನವು ಒಂದೀಟು ಹಸೀ ಅದಾವ್ರಿ” ಎನ್ನುತ್ತಿದ್ದಳು. ಮಗ ಹಣೆ ಹಣೆ ಬಡಿದುಕೊಂಡು, ಮುಂದಿನ ಸಂತೆಯಿಂದ ಅವ್ವನನ್ನು ಮನೆಯಲ್ಲಿಯೇ ಬಿಟ್ಟು ಹೋಗತೊಡಗಿದ. ಆಕೆಗೆ ಅದೇನೂ ಅವಮಾನವೆನಿಸಲಿಲ್ಲ. “ನನಗೂ ಬಿಸಲಾಗ ಕುಂದ್ರೂದು ತಪ್ಪಿತು” ಎಂದಳು.

ಎಪ್ಪತ್ತರ ದಶಕದ ಮೊದಲಲ್ಲಿ ನನಗೆ ಕುವೈತಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಊರಲ್ಲಿ ಯಾರೂ ಅಷ್ಟು ದೂರ ಹೋದವರಿರಲಿಲ್ಲ, ಹೆಂಗಸಂತೂ ಇಲ್ಲವೇ ಇಲ್ಲ. ಸುದ್ದಿ ಕೇಳಿ ಕಾಕು ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಅಲ್ಲೆ ಜ್ವಾಳ ಬೆಳಿತೈತೇನ?”

“ಇಲ್ಲ ಕಾಕು. ನೆಲದಾಗ ಎಣ್ಣಿ ಸಿಗತೈತಿ.”

“ಎಣ್ಣಿ ಕುಡದು ಬದಕ್ತಾರೇನ ಆ ಮಂದಿ?” ಎಂದು ಸಿಟ್ಟಿನಿಂದ ಎದ್ದು ಹೋದಳು. ಸಂಜೆ ಬಂದು ಕೈ ಚಾಚಿದಳು. “ಕೀಲಿಕೈ ಕೊಡು. ನೀ ಬರೂತನಕ ಮನಿ ನಾ ನೋಡ್ತೀನಿ.”

ನಾನು ಕೊಟ್ಟೆ. ಬಾಗಿಲಿಗೆ ಕೀಲಿ ಹಾಕಿದ್ದೇನೆ, ಮನೆ ಮುಚ್ಚಿದೆ, ಕೀಲಿಕೈ ಮಾತ್ರ ಬಾಜೂ ಮನೆಯಲ್ಲಿದೆ ಎಂದೇ ನಾನು ತಿಳಿದುಕೊಂಡಿದ್ದೆ. ಮರುವರ್ಷ ರಜೆಗೆ ಬಂದಾಗ ಗೊತ್ತಾಯಿತು, ಹಾಗಲ್ಲ ಎಂದು. ವರ್ಷಪೂರ್ತಿ ಮುಚ್ಚಿದ ಮನೆಯ ಜಂತಿಯಿಂದ ಇಲಿ, ಗೆದ್ದಲು ಬೀಳುವುದನ್ನು ನಿರೀಕ್ಷಿಸಿ ಮೂಗಿಗೆ ಸೆರಗು ಹಿಡಿದು ಒಳಗೆ ಕಾಲಿಟ್ಟರೆ, ನೆಲ ಸಾರಿಸಿ ನುಣ್ಣಗಾಗಿತ್ತು. ಕೊಡದಲ್ಲಿ ಆ ದಿನದ ನೀರು. ಗೂಟಕ್ಕೆ ನನ್ನ ತಂದೆಯ ಛತ್ರಿ ಧೂಳಿಲ್ಲದೆ ಜೋತಾಡುತ್ತಿತ್ತು. ಒಲೆ ಮುಟ್ಟಿ ನೋಡಿದೆ, ಬೆಚ್ಚಗಿತ್ತು.

ಕಾಕುವಿನ ಸೊಸೆ ಕಿಂಡಿಯಿಂದ ಮುಖ ತೋರಿಸಿ ನಕ್ಕಳು. “ಅತ್ತಿ ಸೋಮಾರಕ್ಕೊಮ್ಮಿ ನಿಮ್ಮ ಒಲಿ ಹಚ್ತಾಳ್ರಿ. ಅಲ್ಲೇ ಚಹಾ ಕಾಸ್ಕೊಂಡ ಕುಡಿದು, ಹೊಸ್ತಲದಾಗ ಕುಂತು ಊರಾಗಿನ ಸುದ್ದಿ ಎಲ್ಲಾ ಗ್ವಾಡಿ ಕೂಡ ಮಾತಾಡಿ ಬರ್ತಾಳ. ಅದ ಆಗೂತನಕ ಇಲ್ಲೆ ತುತ್ತ ಮುಟ್ಟೂದಿಲ್ಲ.”

ಕಾಕುವಿನ ಎಣಿಕೆ ಹೀಗಿತ್ತು: ಮನೆತನ ಅಳಿದಾಗ, ಇಲ್ಲವೇ ಮಂದಿ ಊರು ಬಿಟ್ಟು ಕಾಯಂ ಹೋದಾಗ ಒಲೆ ಆರುತ್ತದೆ. ಬದುಕಿರುವವರ ಒಲೆ ಆರಬಾರದು. “ನೀ ಇದ್ದೀಯಲ್ಲ, ಯವ್ವಾ. ಮತ್ತ್ಯಾಕ ಆರಬೇಕು?” ಎಂದಳು. ಆ ರಾತ್ರಿ ನಾನು ಅತ್ತೆ. ಪರದೇಶದ ಕೋಣೆಯಲ್ಲಿ ಬಿಸಿಲಿಗೆ ಬೆಂದು ಮಲಗಿದ್ದಾಗ ಇಲ್ಲಿ ಯಾರೋ ನನ್ನ ಸಲುವಾಗಿ ಚಹಾ ಕಾಯಿಸುತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ.

ಆ ಮೇಲೆ ಪ್ರತಿ ವರ್ಷ ಬೇಸಿಗೆಯಲ್ಲಿ ಒಂದೂವರೆ ತಿಂಗಳ ರಜೆಗೆ ಬರುತ್ತಿದ್ದೆ. ನನಗೊಂದು ಆಸೆ ಇತ್ತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಸಂಶಿಯಲ್ಲಿ ಹೆರಿಗೆ ಕಷ್ಟವಾದರೆ ಬಸುರಿಯನ್ನು ಚಕ್ಕಡಿಯಲ್ಲಿ ಮಲಗಿಸಿ ಹುಬ್ಬಳ್ಳಿಗೆ ಒಯ್ಯಬೇಕಾಗಿತ್ತು. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಗಾಲಿ ಹೂತು ದಾರಿಯಲ್ಲೇ ಸತ್ತವರನ್ನು ನಾನು ಕಂಡಿದ್ದೆ. ನನ್ನ ತಾಯಿ ಹೋದದ್ದೂ ಹಾಗೆಯೇ. ಬಸ್ಸು ನಿಲ್ಲುವ ರಸ್ತೆಯ ಬದಿಯಲ್ಲಿ ಒಂದು ತುಂಡು ಜಾಗ ಕೊಂಡು, ಎರಡು ಹೆರಿಗೆ ಖೋಲಿ ಕಟ್ಟಿಸಿ, ಕೆಲಸ ಬಿಟ್ಟು ಊರಿಗೆ ಬಂದುಬಿಡಬೇಕೆಂದಿದ್ದೆ. ನಾಲ್ಕು ವರ್ಷ ದುಡಿದ ಮೇಲೆ ಅದಕ್ಕೆ ಸಾಕಾಗುವಷ್ಟು ಗಂಟು ಕೂಡಿತು. ಜಾಗದ ಮಾತೂ ಮುಗಿಯಿತು.

ಹುಬ್ಬಳ್ಳಿಯ ವಕೀಲರೊಬ್ಬರು ಜಾಗದ ಕಾಗದ ನೋಡಿ, ಇಷ್ಟು ಹಣ ಎಲ್ಲಿಂದ ಬಂತೆಂದು ಸರಕಾರ ಕೇಳುವ ಮೊದಲೇ ನಾವೇ ಆದಾಯ ತೆರಿಗೆಯವರಿಗೆ ಹೇಳಿಬಿಡುವುದು ಒಳ್ಳೆಯದೆಂದರು. “ನೀವು ಪರದೇಶದಾಗ ಇರೋವರು, ಗಳಿಸಿದ್ದೂ ಅಲ್ಲೇ. ಇಲ್ಲೆ ತೆರಿಗಿ ಏನೂ ಬರೂದಿಲ್ಲ. ಊರಾಗ ಮನಿ ಏನರ ಐತೇನು?”

“ಐತ್ರಿ, ಕೀಲಿ ಹಾಕೀನಿ” ಎಂದೆ. ಅವರು ಹಾಗೆಯೇ ಬರೆದು ಕೊಟ್ಟರು.

ಮುಂದಿನ ಬೇಸಿಗೆಯ ರಜೆಯಲ್ಲಿ ನಾನು ಒಂದು ದಿನ ಕುಂದಗೋಳಕ್ಕೆ ಹೋಗಿ ಸಂಜೆ ಮರಳಿದೆ. ಕಾಕು ಓಣಿಯ ಬಾಯಿಗೇ ಕಾದು ನಿಂತಿದ್ದಳು. ಅಂಗೈಯಲ್ಲಿ ಸಕ್ಕರೆ. ನಾನು ಏನೆನ್ನುವ ಮೊದಲೇ ಅದನ್ನು ನನ್ನ ಬಾಯಿಗೆ ತುರುಕಿದಳು.

“ನೋಡಾಕ ಬಂದಿದ್ರ ಬೇ ಇವತ್ತ! ಹುಬ್ಬಳ್ಳಿಯಿಂದ!”

ನನ್ನ ಮದುವೆ ಕಾಕುವಿನ ಹಳೆಯ ಹುಣ್ಣು. ನನಗೆ ಮೂವತ್ತು ದಾಟಿತ್ತು, ನನಗೇ ಆ ಕಡೆ ಮನಸ್ಸಿರಲಿಲ್ಲ. ಆದರೆ ನಮ್ಮ ಕಡೆ ಗಂಡಿನವರು ನೇರವಾಗಿ ಹೆಣ್ಣಿನ ಮನೆಗೆ ಬರುವುದಿಲ್ಲ. ಮೊದಲು ಯಾರೋ ಒಬ್ಬ ಅಪರಿಚಿತ ಬಿಳಿ ಅಂಗಿ ಹಾಕಿಕೊಂಡು ಬಂದು ಬಾಜೂ ಮನೆಯಲ್ಲಿ ಕೂತು, ನೀರು ಕೇಳಿ, ಹುಡುಗಿಯ ಮನೆತನ ಹೇಗೆ, ಮನೆ ಸ್ವಂತದ್ದೇ, ನಡತೆ ಹೇಗೆ ಎಂದು ತೂಗಿ ನೋಡಿ ಹೋಗುತ್ತಾನೆ. ಬಾಜೂ ಮನೆಯವರು ಒಂದು ಮಾತು ಕಡಿಮೆ ಹೇಳಿದರೆ ಸಂಬಂಧವೇ ಮುರಿಯುತ್ತದೆ. ಕಾಕು ಅಂಥ ಒಂದು ದಿನಕ್ಕೆ ಹತ್ತು ವರ್ಷದಿಂದ ತಯಾರಾಗಿ ಕೂತಿದ್ದಳು.

“ಏನ ಕೇಳಿದ್ರು?” ಎಂದೆ.

“ಎಲ್ಲಾ ಕೇಳಿದ್ರು. ಮನಿ ಯಾರದಂದ್ರು, ಆಕೀದ ಅಂದೆ. ಮುಚ್ಚಿರತೈತೇನು ಅಂದ್ರು. ಮುಚ್ಚಾಕ ಆಕಿಗೇನ ಹಿಂದ ಮುಂದ ಯಾರೂ ಇಲ್ಲೇನು ಅಂದೆ. ಖರೇ ಹೇಳ್ತೀನಿ, ವರ್ಷಾ ವರ್ಷಾ ಸುಣ್ಣಾ ಬಳೀತೀವಿ, ವಾರಕ್ಕೊಮ್ಮಿ ಒಲಿ ಹಚ್ತೀವಿ, ಹಾಸಗಿ ಸುದ್ದಾ ಬಿಸಲಿಗೆ ಹಾಕ್ತೀವಿ, ಆಕಿ ನಾಳೆ ಬಂದ್ರ ನಾಳೆ ಅಡಗಿ ಮಾಡ್ಕೋಬಹುದು ಅಂತ ಹೇಳಿದೆ. ಬಾಕಲಾ ತಗದು ಒಳಗೆಲ್ಲಾ ತೋರಿಸಿದೆ. ವರ್ಷಕ್ಕ ಎಷ್ಟ ದಿನಾ ಇರ್ತಾಳಂದ್ರು. ತಿಂಗಳೂವರಿಗೆ ಕಡಿಮಿ ಇಲ್ರಿ, ಊರು ಮರಿಯೂ ಹುಡುಗಿ ಅಲ್ಲ ಅಂದೆ. ಎಲ್ಲಾ ಬರ್ಕೊಂಡ್ರು. ಉಪ್ಪಿಟ್ಟು ತಿಂದ್ರು.”

“ಬರ್ಕೊಂಡ್ರು? ಯಾರಂತ ಹೇಳಲಿಲ್ಲೇನ ಅವರು?”

“ಹೇಳಿದ್ರಲ್ಲ, ಹುಬ್ಬಳ್ಳಿ ತೆರಿಗಿ ಆಫೀಸಿನಿಂದ ಬಂದೇನಿ, ಸಾಹೇಬ್ರು ಕಳಿಸ್ಯಾರ ಅಂತ. ಹುಡುಗ ಸರಕಾರಿ ಸಾಹೇಬ ಇದ್ರ ಚಲೋನ ಆತಲ್ಲ! ಸಾಹೇಬ್ರ ವಯಸ್ಸೆಷ್ಟ್ರಿ ಅಂದೆ. ಐವತ್ತ ದಾಟೇತಿ ಅಂದ್ರು.” ಕಾಕು ದನಿ ಸಣ್ಣದು ಮಾಡಿದಳು. “ಎರಡನೇ ಸಂಬಂಧ ಇರಬೇಕು. ಇರಲಿ ಬಿಡು, ನಿನಗೂ ಏನ ಹದಿನಾರಿಲ್ಲ. ಕಡೀಕ ಹೆಬ್ಬಟ್ಟ ಒತ್ತಂದ್ರು, ಒತ್ತಿನಿ.”

ಏನೋ ಕೆಟ್ಟದ್ದಾಗಿದೆ ಎಂದು ಗೊತ್ತಾಯಿತೇ ಹೊರತು ಏನೆಂದು ತಿಳಿಯಲಿಲ್ಲ. ಮರುದಿನ ಮೊದಲ ಬಸ್ಸಿಗೇ ವಕೀಲರ ಮನೆಗೆ ಓಡಿದೆ. ಅವರು ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ತಲೆ ಹಿಡಿದುಕೊಂಡರು.

“ಕೀಲಿ ಹಾಕೀನಿ ಅಂದಿದ್ರಲ್ಲ ನೀವು!”

“ಹಾಕೀನ್ರಿ.”

“ಕೀಲಿ ಹಾಕಿದ ಮನಿಯಾಗ ವಾರಕ್ಕೊಮ್ಮಿ ಚಹಾ ಹ್ಯಾಂಗ ಕಾಸ್ತಾರ?” ಆಮೇಲೆ ಅವರು ಬಿಡಿಸಿ ಹೇಳಿದರು. ಪರದೇಶದಲ್ಲಿ ದುಡಿಯುವವರ ಸಲುವಾಗಿ ಇಲ್ಲಿ ಒಂದು ವಾಸದ ಮನೆಯನ್ನು ಅರ್ಧ ವರ್ಷವಾದರೂ ನಡೆಸಿಕೊಂಡು ಬಂದಿದ್ದು, ಅದೇ ವರ್ಷ ಅವರು ಬಂದು ಮೂವತ್ತು ದಿನ ಇಲ್ಲಿದ್ದರೆ, ಕಾಯ್ದೆಯ ಕಣ್ಣಿಗೆ ಅವರು ಇಲ್ಲಿಯ ನಿವಾಸಿಗಳೇ. ಅಲ್ಲಿ ಗಳಿಸಿದ್ದಕ್ಕೂ ಇಲ್ಲಿ ತೆರಿಗೆ. ಏಪ್ರಿಲಿನಿಂದ ಮಾರ್ಚಿಯವರೆಗೆ ಒಂದು ವರ್ಷ. ಮನೆ ಇಲ್ಲದಿದ್ದರೆ ಆ ಮೂವತ್ತು ದಿನದ ಮಾತೇ ಇಲ್ಲ. ಹಿಂದಿನ ವರ್ಷಗಳನ್ನೂ ತೆಗೆದು ನೋಡುತ್ತಾರೆ, ಬಡ್ಡಿ ಬೇರೆ.

ಕುವೈತಿನಲ್ಲಿ ತೆರಿಗೆಯೇ ಇರಲಿಲ್ಲ, ಅಂಥದ್ದೊಂದು ಇರುತ್ತದೆಂಬುದನ್ನೇ ಮರೆತಿದ್ದೆ. ನಾಲ್ಕು ವರ್ಷ ಕಂಡವರ ಗಾಯ ತೊಳೆದು ಕೂಡಿಟ್ಟದ್ದು, ರಸ್ತೆ ಬದಿಯ ಆ ಜಾಗ, ಎರಡು ಖೋಲಿ, ಊರಿಗೆ ಮರಳುವ ನನ್ನ ಮಾತು, ಎಲ್ಲವೂ ಕಾಕುವಿನ ಹೆಬ್ಬೆಟ್ಟಿನ ಕೆಳಗೆ ಸಿಕ್ಕಿಬಿದ್ದಿದ್ದವು.

ವಕೀಲರಿಗೆ ಒಂದು ದಾರಿ ತೋಚಿತು. ಸಾಹೇಬರು ಕಾಕುವನ್ನು ಕರೆಸಿ ಇನ್ನೊಮ್ಮೆ ಕೇಳಿಯೇ ಕೇಳುತ್ತಾರೆ. ಆಗ ಆಕೆ, ಗಂಡಿನ ಕಡೆಯವರೆಂದು ತಿಳಿದು ಹೆಚ್ಚಿಗೆ ಹೇಳಿದೆ, ಆ ಮನೆಯಲ್ಲಿ ನಾವು ದನದ ಹೊಟ್ಟು ಹಾಕುತ್ತೇವೆ, ಈಕೆಗೆ ಅಲ್ಲಿ ವಾಸದ ಮನೆ ಅಂತ ಏನೂ ಇಲ್ಲ ಎಂದರೆ ಸಾಕು. ಕಾಕುವಿಗೆ ನಡೆದದ್ದು ತಿಳಿದಾಗ ಆಕೆಯ ಮುಖ ಬೂದಿಯಾಯಿತು. “ಮದಿವಿ ಮಂದಿ ಅಲ್ಲೇನು?” ಎಂದು ಎರಡು ಸಲ ಕೇಳಿದಳು. ಆಮೇಲೆ, “ಹೇಳ್ತೀನಿ. ಹ್ಯಾಂಗ ಹೇಳಂತಿ ಹಂಗ ಹೇಳ್ತೀನಿ” ಎಂದಳು. ಎರಡು ದಿನ ರೊಟ್ಟಿ ಬಡಿಯುವಾಗಲೂ ಆ ಮಾತನ್ನೇ ಬಾಯಿಪಾಠ ಮಾಡಿದಳು.

ತೆರಿಗೆ ಸಾಹೇಬರು ಮೈಸೂರು ಕಡೆಯವರು, ಬೋಳುತಲೆಯ ಸಭ್ಯಸ್ಥರು. ಕಾಕುವಿಗೆ ಕುರ್ಚಿ ತೋರಿಸಿದರು. ಆಕೆ ಜನ್ಮದಲ್ಲಿ ಕುರ್ಚಿಯ ಮೇಲೆ ಕೂತವಳಲ್ಲ, ಗೋಡೆಗೆ ಆತು ನಿಂತೇ ಇದ್ದಳು.

“ಹೆದರಬೇಡಿ ಅಮ್ಮ. ಪಕ್ಕದ ಮನೆಯನ್ನು ಯಾತಕ್ಕೆ ಬಳಸುತ್ತೀರಿ?”

“ಹೊಟ್ಟ ಹಾಕ್ತೀವ್ರಿ” ಎಂದಳು ಕಾಕು. ಖರೇ ಹೇಳ್ತೀನಿ ಎಂಬ ಪೀಠಿಕೆ ಬರಲಿಲ್ಲ.

“ಇವರಿಗೆ ಒಲೆ ಹಚ್ಚಿಡುತ್ತೀರಿ ಅಂತ ಹೇಳಿದ್ದಿರಲ್ಲ?”

“ಮದಿವಿ ಮಂದಿ ಅಂತ ತಿಳಕೊಂಡ ಹೇಳಿದ್ನಿರಿ.”

ವಕೀಲರು ಉಸಿರು ಬಿಟ್ಟರು. ಸಾಹೇಬರು ಪೆನ್ನು ತೆಗೆದುಕೊಂಡರು. “ಸರಿ. ಹಾಗಾದರೆ ಇವರಿಗೆ ಆ ಊರಿನಲ್ಲಿ ಮನೆ ಇಲ್ಲ. ಹಾಗೇ ಬರೆದುಕೊಳ್ಳಲೇ ಅಮ್ಮ?”

ಕಾಕು ನನ್ನ ಕಡೆ ನೋಡಿದಳು. ಕೈ ಕರಡಿಗೆಯ ಮೇಲೆ ಹೋಯಿತು. ಸಾಹೇಬರು ಕಾದರು. ಆಮೇಲೆ ಆ ಕೋಣೆಯಲ್ಲಿದ್ದವರೆಲ್ಲ ಬೆಚ್ಚುವಷ್ಟು ಗಟ್ಟಿಯಾಗಿ ಆಕೆ ಅಂದಳು: “ಹಂಗ ಬರೀಬ್ಯಾಡ್ರಿ!”

“ಯಾಕಮ್ಮ?”

“ಕುಂತಾಳ ನೋಡ್ರಿ ಕಣ್ಣಿದರಿಗೆ, ಜೀವಂತ. ಆಕಿಗೆ ಮನಿ ಇಲ್ಲ ಅಂತ ನನ್ನ ಬಾಯಿಲೆ ಹ್ಯಾಂಗ ಹೇಳಸ್ತೀರಿ? ಆಕಿ ಏನ ಸತ್ತಾಳೇನು? ಖರೇ ಹೇಳ್ತೀನ್ರಿ, ಮನಿ ಐತಿ. ಹೊಟ್ಟಂದಿದ್ದು ಸುಳ್ಳ. ಸೋಮಾರಕ್ಕೊಮ್ಮಿ ಒಲಿ ಹಚ್ತೀನಿ, ನಾ ಇರೂತನಕ ಹಚ್ತೀನಿ. ಬರ್ಕೋರಿ.”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಕಡೆಗೆ ಬರೆದುಕೊಂಡರು. ಅವರೇನು ಮಾಡಬೇಕು, ಅವರ ಕೆಲಸ ಅದು.

ಬಸ್ಸಿನಲ್ಲಿ ಕಾಕು ನನ್ನ ಬಾಜೂ ಕೂತಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ. ಅರ್ಧ ದಾರಿಯಲ್ಲಿ ಮೆಲ್ಲಗೆ ಕೇಳಿದಳು, “ಆ ಮೂವತ್ತ ದಿನಕ್ಕ ಒಂದ ದಿನಾ ಹೆಚ್ಚಾದ್ರೂ ಹಿಡೀತಾರೇನ?”

“ಹಿಡೀತಾರ.”

“ಮತ್ತ ಹೊಸಾ ದಿನಾ ಯಾವಾಗ ಸಿಗತಾವು?”

“ಮಾರ್ಚಿ ಮುಗಿದ ಮ್ಯಾಲೆ.”

“ಮನಿ ಇರಲಿಲ್ಲಂದ್ರ?”

“ಮನಿ ಇರಲಿಲ್ಲಂದ್ರ ಈ ತ್ರಾಸ ಯಾವುದೂ ಇರತಿರಲಿಲ್ಲ!” ಎಂದು ಚೀರಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಸಂಶಿ ಬಂದಾಗ ಇಳಿಯುತ್ತ, “ಎಷ್ಟ ವರ್ಷ ಮತ್ತ ಹೋಗಬೇಕು?” ಎಂದಳು. ಕಡಿಮೆಯೆಂದರೂ ಮೂರು ಎಂದೆ. “ಮೂರ” ಎಂದು ತನ್ನಷ್ಟಕ್ಕೆ ಅಂದುಕೊಂಡು ಮನೆಯ ದಾರಿ ಹಿಡಿದಳು.

ತೆರಿಗೆ ಕಟ್ಟಿದೆ. ಜಾಗ ಬೇರೆಯವರ ಪಾಲಾಯಿತು. ರಜೆ ಮುಗಿದ ದಿನ ಕಾಕುವಿನ ಕಾಲಿಗೆ ಬಿದ್ದೆನೇ ಹೊರತು ಮನಸ್ಸು ಬಿಚ್ಚಿ ಮಾತಾಡಲಿಲ್ಲ. ಆಕೆಯ ಮೇಲೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಲ್ಲಿ ರೋಗಿಗಳ ನಡುವೆ ಓಡಾಡುವಾಗಲೂ “ಬರ್ಕೋರಿ” ಎಂಬ ಆ ದನಿ ಕೇಳಿಸಿ ಸಿಡಿಮಿಡಿಯಾಗುತ್ತಿದ್ದೆ. ಆದರೆ ಸೋಮವಾರ ಬಂತೆಂದರೆ, ಈಗ ಒಲೆ ಹೊತ್ತಿರಬೇಕು ಎಂದು ಅದೇ ಮನಸ್ಸು ಲೆಕ್ಕ ಹಾಕುತ್ತಿತ್ತು.

ಮರುವರ್ಷ ಮೇ ತಿಂಗಳಲ್ಲಿ ಬಂದಾಗ ಕಾಕು ಬಸ್ಸಿನ ತನಕ ಬಂದಿದ್ದಳು, ಎಂದೂ ಬಂದವಳಲ್ಲ. ನನ್ನ ಚೀಲ ಹಿಡಿದು ಸೀದಾ ತನ್ನ ಮನೆಗೆ ಕರೆದೊಯ್ದಳು. ಹೊಸ ಚಾಪೆ ಹಾಸಿ, ಹೊರಗಿನಿಂದ ಬಂದ ಪಾವಣ್ಯಾರಿಗೆ ಕೊಡುವ ಹಾಗೆ ಕಾಲಿಗೆ ನೀರು ಕೊಟ್ಟಳು. ನನಗೆ ನಗು ಬಂತು. ಕೀಲಿಕೈ ಕೇಳಿದೆ.

“ಕೀಲಿ ಇಲ್ಲ” ಎಂದಳು. “ಬಾಕಲಾನೂ ಇಲ್ಲ.”

ಎದ್ದು ಹೋಗಿ ನೋಡಿದೆ. ಚೌಕಟ್ಟಿನಲ್ಲಿ ಕದವಿರಲಿಲ್ಲ. ಒಳಗೆ ಶೇಂಗಾ ಹೊಟ್ಟು ಜಂತಿಯ ತನಕ ಒಟ್ಟಿತ್ತು. ತಂದೆಯ ಛತ್ರಿ ಜೋತಾಡುತ್ತಿದ್ದ ಗೂಟಕ್ಕೆ ಒಂದು ಕರು ಕಟ್ಟಿತ್ತು. ಹೊಟ್ಟಿನ ಮಗ್ಗುಲಿಂದ ತೂರಿಕೊಂಡು ಹಿಂದಿನ ಅಂಕಣಕ್ಕೆ ಹೋದೆ. ಒಲೆ ಇದ್ದಲ್ಲಿ ಒಂದು ಗುಂಡಿ, ಹಾರಿಯಿಂದ ಅಗೆದ ಗುರುತು. ಕಪ್ಪು ಹಿಡಿದ ಹೆಂಟೆಗಳು ಮೂಲೆಯಲ್ಲಿ ಬಿದ್ದಿದ್ದವು. ಆ ಗುಂಡಿಯ ಅಂಚಿಗೇ ಕೂತೆ. ನನ್ನ ತಾಯಿ ಹಾಕಿದ ಒಲೆ ಅದು.

“ಯಾರ ಒಡದ್ರು?”

“ನಾನ.” ಕಾಕು ಹಿಂದೆಯೇ ಬಂದು ನಿಂತಿದ್ದಳು. “ಮಗಗ ಒಡಿ ಅಂದೆ, ಅಂವಾ ಒಲ್ಲೆ ಅಂದ. ಸೊಸಿನೂ ಒಲ್ಲೆ ಅಂದ್ಲು. ಅದಕ ನಾನ ಹಾರಿ ತಗೊಂಡೆ. ಖೊಟ್ಟಿ ಹೇಳಾಕ ನನಗ ಆಗೂದಿಲ್ಲ, ಯವ್ವಾ. ಈಗ ಆ ಸಾಹೇಬ ಕೇಳಿದ್ರ, ಖರೇ ಹೇಳ್ತೀನಿ, ಈಕಿಗೆ ಮನಿ ಇಲ್ಲ ಅಂತ ಹೇಳಾಕ ಬರತೈತಿ.” ಕರುವಿನ ಬೆನ್ನು ಸವರುತ್ತ ಆ ಕಡೆ ತಿರುಗಿಕೊಂಡಳು.

ಸುಳ್ಳು ಹೇಳಲು ಬಾರದವಳು ಸುಳ್ಳನ್ನೇ ಖರೆ ಮಾಡಿಟ್ಟಿದ್ದಳು. ಬದುಕಿದ್ದವರ ಒಲೆ ಆರಬಾರದೆಂದು ಸೋಮವಾರದ ಊಟ ತಡೆದವಳು ಅದನ್ನು ಎಷ್ಟು ಸಲ ಹಾರಿ ಎತ್ತಿ ಒಡೆದಳೋ ಎಂದು ಇಂದಿಗೂ ಎಣಿಸುತ್ತೇನೆ. ಆ ರಜೆಯಷ್ಟೂ ಆಕೆಯ ಮನೆಯಲ್ಲೇ ಮಲಗಿದೆ. ಮೊದಲ ಸೋಮವಾರ ಬೆಳಿಗ್ಗೆ ಕಾಕು ರೂಢಿಯಂತೆ ಎದ್ದು, ಚಿಪ್ಪಿನಲ್ಲಿ ಕೆಂಡ ತೆಗೆದುಕೊಂಡು ಕಿಂಡಿಯ ತನಕ ಹೋದಳು. ಅಲ್ಲಿ ನಿಂತಳು. ಮರಳಿ ಬಂದು ಕೆಂಡವನ್ನು ತನ್ನ ಒಲೆಗೇ ಹಾಕಿದಳು. ನಾನು ಎಚ್ಚರವಿದ್ದೂ ಕಣ್ಣು ಮುಚ್ಚಿಕೊಂಡಿದ್ದೆ.

ವಕೀಲರು ಮಾತ್ರ ಹಿಗ್ಗಿದರು. ಮೊದಲು ಉಪ್ಪಿಟ್ಟು ತಿಂದು ಹೋಗಿದ್ದ ಇನ್ಸ್‌ಪೆಕ್ಟರ್ ಮತ್ತೊಮ್ಮೆ ಬಂದು ಹೊಟ್ಟು, ಕರು, ಗುಂಡಿ ಎಲ್ಲ ನೋಡಿಕೊಂಡು ಹೋಗಿದ್ದರಂತೆ. “ಇನ್ನ ಆ ಮೂವತ್ತು ದಿನದ ಕಾಟ ಇಲ್ಲ ನಿಮಗ. ವರ್ಷಕ್ಕ ಎರಡ ಸಲಾ ಬೇಕಾದ್ರ ಬರ್ರಿ” ಎಂದರು. ನನಗೆ ವರ್ಷಕ್ಕೆ ಎರಡನೆಯ ರಜೆ ಯಾರು ಕೊಡುತ್ತಾರೆ ಎಂದುಕೊಂಡು ಆ ಮಾತನ್ನು ಅಲ್ಲಿಯೇ ಬಿಟ್ಟು ಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅನ್ನಿಸಲೇ ಇಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ಬಸ್ಸಿನ ಹತ್ತಿರ ಸೊಸೆ ಒಬ್ಬಳೇ ನಿಂತಿದ್ದಳು. ಆಕೆಯ ಮುಖ ನೋಡಿದ ಕೂಡಲೇ ಗೊತ್ತಾಯಿತು, ಆದರೂ “ಕಾಕು ಎಲ್ಲಿ?” ಎಂದು ಕೇಳಿದೆ.

“ಅತ್ತಿ ಹೋದ್ಲ್ರಿ. ಯುಗಾದಿ ಸನೇಕ.”

ಹೋಗಿ ಎರಡು ತಿಂಗಳಾಗುತ್ತ ಬಂದಿತ್ತು. ಶಿವರಾತ್ರಿಯ ಹೊತ್ತಿಗೆ ಹಾಸಿಗೆ ಹಿಡಿದವಳು ಏಳಲೇ ಇಲ್ಲವಂತೆ. ಆ ರಸ್ತೆಯಲ್ಲೇ ನಿಂತು ಸೊಸೆಯ ಮೇಲೆ ಹರಿಹಾಯ್ದೆ. ಒಂದು ತಂತಿ ಕೊಡಲು ಏನಾಗಿತ್ತು? ನಾನು ನರ್ಸ್, ಎರಡು ದಿನದಲ್ಲಿ ಬಂದು ಆಕೆಯ ತಲೆದಿಂಬಿಗೆ ಕೂರುತ್ತಿದ್ದೆ. ಕೆಲಸ ಹೋದರೂ ಬರುತ್ತಿದ್ದೆ.

“ಇವರು ತಾರ ಕೊಡಾಕ ಅಂಗಿ ಹಾಕ್ಕೊಂಡು ಹೊಂಟಿದ್ರಿ” ಎಂದು ಸೊಸೆ ಅತ್ತಳು. “ಅತ್ತಿ ಕರದು ಆಣಿ ಹಾಕಿದ್ಲು. ಆಕಿ ಮೇ ತಿಂಗಳದಾಗ ಬಂದ ಹೋಗ್ಯಾಳ, ಈ ವರ್ಷದ್ದ ಆಕಿ ದಿನಾ ತೀರ್ಯಾವು, ಒಲಿ ಒಡದದ್ದ ಸಾಹೇಬ್ರು ಒಪ್ಯಾರೋ ಇಲ್ಲೋ ಯಾರಿಗ ಗೊತ್ತು, ಈಗ ಬಂದ್ಲಂದ್ರ ಮತ್ತ ಹಿಡೀತಾರ, ಗಳಿಸಿದ್ದೆಲ್ಲಾ ಮತ್ತ ಕಸ್ಕೋತಾರ. ಕರದ್ರ ನನ್ನ ಹೆಣಾ ನೋಡಿದಂಗ ಅಂದ್ಲು.”

ಒಲೆ ಒಡೆದ ದಿನವೇ ಆ ದಿನಗಳ ಕಾಟ ಮುಗಿದಿತ್ತು. ಮುಗಿಸಿದವಳು ಆಕೆಯೇ. ಮುಗಿದದ್ದನ್ನು ನಾನು ಆಕೆಗೆ ಹೇಳಿರಲೇ ಇಲ್ಲ.

ಮತ್ತೊಂದು ವರ್ಷ ದುಡಿದು ನಾನು ಊರಿಗೆ ಕಾಯಂ ಮರಳಿದೆ. ರಸ್ತೆ ಬದಿಯ ಜಾಗ ಸಿಗಲಿಲ್ಲ, ಊರಬಾಗಿಲಿನ ಅಗಸಿಯ ಹತ್ತಿರ ಸಿಕ್ಕಿತು. ಎರಡರ ಬದಲು ಒಂದು ಹೆರಿಗೆ ಖೋಲಿಯಾಯಿತು. ಮುಂದೆ ಎಷ್ಟೋ ವರ್ಷಕ್ಕೆ ವಕೀಲರು ಸಿಕ್ಕು, ಮನೆ ಮತ್ತು ಮೂವತ್ತು ದಿನದ ಆ ಕಲಮನ್ನು ಸರಕಾರವೇ ಕಾಯ್ದೆಯಿಂದ ಕಿತ್ತುಹಾಕಿತೆಂದು ಹೇಳಿದರು.

ಮರಳಿ ಬಂದ ಮೊದಲ ವಾರ ಹೊಟ್ಟು ತೆಗೆಸಿದೆ. ಕದ ಕೂರಿಸುವ ಮೊದಲು ಒಲೆ ಹಾಕಬೇಕೆಂದು ನಾನೂ ಸೊಸೆಯೂ ಹಳೆಯ ಹೆಂಟೆಗಳನ್ನೇ ಪುಡಿಮಾಡಿ, ನೀರು ಹಾಕಿ ಕಲಸಲು ಕೂತೆವು. ಕಲಸುತ್ತ ಕಲಸುತ್ತ ಆಕೆಯ ಕೈ ನಿಂತಿತು.

“ಒಂದ ಮಾತ ಅವತ್ತ ನಿಮಗ ಹೇಳಿರಲಿಲ್ರಿ” ಎಂದಳು. “ಕಡೀ ಕಡೀಗೆ ಅತ್ತಿಗೆ ಮೈಮ್ಯಾಲೆ ಖಬರ ಇರಲಿಲ್ಲ. ನೀರು ಬಿಟ್ಟ್ರೂ ಒಳಗ ಇಳೀತಿರಲಿಲ್ಲ. ಆದ್ರೂ ಕಣ್ಣ ತಗದಾಗೊಮ್ಮಿ ನನ್ನ ಕೈ ಹಿಡದು, ಮಾರ್ಚಿ ಮುಗೀತೇನ ಬೇ, ಮಾರ್ಚಿ ಮುಗೀತೇನ ಬೇ, ಅಂತ ಅದನ್ನ ಕೇಳತಿದ್ಲು. ಮುಗದ ದಿನಾ ತಾರ ಕೊಡ್ರಿ ಅಂತಿದ್ಲು.”

“ನೀ ಏನಂದಿ?”

“ಇನ್ನ ಹತ್ತ ದಿನಾ ಐತ್ರಿ ಅತ್ತಿ, ಅಂದೆ.”